ಚಕ್ಕೋತದ ಪಲೋಮಾನಾ, ನಿಂಬೆಯ ಮಾರ್ಗರಿಟಾನಾ? ಮನೆಯಲ್ಲಿ ಮಾಡಿ ಕುಡಿದ ಮೇಲೆ ಹೇಳುತ್ತಿದ್ದೇನೆ

ಮನೆಯಲ್ಲೇ ಮೆಕ್ಸಿಕೋದ ಟಕೀಲಾ ಮದ್ಯ ಹಾಕಿ ಹುಳಿಹುಳಿಯಾದ ತಣ್ಣನೆಯ ಕಾಕ್‌ಟೇಲ್ ಮಾಡಿಕೊಳ್ಳಬೇಕು ಅಂದರೆ ನನ್ನ ಓಟು ಚಕ್ಕೋತ ಹಾಕಿದ ಪಲೋಮಾಕ್ಕೆ. ಮಾರ್ಗರಿಟಾ ಎರಡನೆಯದು. ಬಾಟಲಿಯಲ್ಲಿ ಬರುವ ರೆಡಿ ಮಿಕ್ಸ್ ಬೇಡವೇ ಬೇಡ. ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಇಲ್ಲಿ ಯಾವುದು ಸುಲಭವಾಗಿ ಸಿಗುತ್ತದೆ, ಯಾವುದಕ್ಕೆ ಬೆಂಗಳೂರಿಗೆ ಓಡಬೇಕು ಅನ್ನುವುದರಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ.

ಇಷ್ಟೆಲ್ಲ ಹೋಲಿಸಿ ನೋಡುವಂತೆ ಮಾಡಿದ್ದೇ ಆ ರೆಡಿ ಮಿಕ್ಸ್. ಬೆಂಗಳೂರಿನ ಅಂಗಡಿಯೊಂದರಲ್ಲಿ ಟಕೀಲಾ ತಗೊಂಡಾಗ ಪಕ್ಕದಲ್ಲೇ ಮಾರ್ಗರಿಟಾ ಮಿಕ್ಸ್ ಇತ್ತು, ಅದನ್ನೂ ತಂದೆ. ಟಕೀಲಾಕ್ಕೆ ಸುರಿದು ಐಸ್ ಹಾಕಿದರೆ ಆಯಿತು ಅಂತ ಬಾಟಲಿ ಮೇಲೆ ಬರೆದಿತ್ತು. ಮುಚ್ಚಳ ತೆಗೆದರೆ ಪಾತ್ರೆ ತೊಳೆಯುವ ಸೋಪಿನ ವಾಸನೆ. ಕುಡಿದರೆ ಮೊದಲು ಬರೀ ಸಿಹಿ, ಆಮೇಲೆ ಗಂಟಲಲ್ಲಿ ಒಂಥರಾ ಕೆರೆತ. ಹಿಂದೆ ತಿರುಗಿಸಿ ನೋಡಿದರೆ ಸಕ್ಕರೆ, ನೀರು, ಸಿಟ್ರಿಕ್ ಆಸಿಡ್, ಬಣ್ಣ, ಫ್ಲೇವರ್. ಹಣ್ಣಿನ ಸುದ್ದಿಯೇ ಇಲ್ಲ. ಅಷ್ಟು ದುಡ್ಡು ಕೊಟ್ಟ ಟಕೀಲಾ ಇದರ ಜೊತೆ ಸೇರಿ ಹಾಳಾಯಿತಲ್ಲ ಅಂತ ಹೊಟ್ಟೆ ಉರಿಯಿತು. ಬೀದಿ ಬೀದಿಯಲ್ಲಿ ನಿಂಬೆಹಣ್ಣು ರಾಶಿ ಹಾಕಿ ಮಾರುವ ಊರಿನಲ್ಲಿ ಸಿಟ್ರಿಕ್ ಆಸಿಡ್ ಕುಡಿಯುವುದು ಯಾಕೆ ಹೇಳಿ.

ಟಕೀಲಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೇಬಲ್ ಮೇಲೆ 100% ಅಗಾವೆ (ಟಕೀಲಾ ತಯಾರಾಗುವ ಗಿಡ) ಅಂತ ಇದೆಯಾ ನೋಡಿ, ಅಷ್ಟು ಸಾಕು. ಇಲ್ಲದಿದ್ದರೆ ಹುದುಗು ಬರಿಸುವ ಸಕ್ಕರೆಯಲ್ಲಿ 51% ಮಾತ್ರ ಅಗಾವೆಯದಾಗಿದ್ದು ಮಿಕ್ಕಿದ್ದು ಬೇರೆ ಸಕ್ಕರೆ ಆಗಿದ್ದರೂ ಟಕೀಲಾ ಅಂತಲೇ ಮಾರಬಹುದು. ಹುಳಿ ಹಣ್ಣಿನ ಜೊತೆ ಬೆರೆಸುವುದಕ್ಕೆ ಬ್ಲಾಂಕೋ ಅನ್ನುವ ಬಿಳಿ ಟಕೀಲಾ ಧಾರಾಳವಾಗಿ ಆಗುತ್ತದೆ. ರೆಪೊಸಾಡೊ ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ತಿಂಗಳು ಇದ್ದು ಬಂದದ್ದು, ಆ ಮರದ ರುಚಿಗೆ ಜಾಸ್ತಿ ದುಡ್ಡು ಕೊಟ್ಟು ಅದರ ಮೇಲೆ ಹುಳಿ ಹಿಂಡುವುದು ನನಗೆ ಸರಿ ಕಾಣುವುದಿಲ್ಲ. ಅಂದಹಾಗೆ ಅಗಾವೆ ಅಂದರೆ ನಮ್ಮ ಕತ್ತಾಳೆಯ ಜಾತಿಯೇ. ಹೊಲದ ಬದುವಿನಲ್ಲಿ, ರೈಲು ಹಳಿ ಪಕ್ಕದಲ್ಲಿ ಮುಳ್ಳು ಚಾಚಿಕೊಂಡು ನಿಂತಿರುತ್ತದಲ್ಲ, ಅದೂ ಹಿಂದೆ ಮೆಕ್ಸಿಕೋ ಕಡೆಯಿಂದಲೇ ಬಂದದ್ದು. ಟಕೀಲಾ ಆಗಬೇಕಾದರೆ ಮಾತ್ರ ನೀಲಿ ಅಗಾವೆಯೇ ಬೇಕು, ಅದೂ ಮೆಕ್ಸಿಕೋದ ಹಲಿಸ್ಕೋ ರಾಜ್ಯ ಮತ್ತು ಇನ್ನು ಕೆಲವೇ ಗೊತ್ತಾದ ಪ್ರದೇಶಗಳಲ್ಲಿ ತಯಾರಾಗಬೇಕು. ದಖ್ಖನ್ನಿನ ಕತ್ತಾಳೆಯಿಂದ ಗೋವಾದಲ್ಲಿ ತಯಾರಾಗುವ ಪಿಸ್ತೋಲಾ ಅನ್ನುವ ಮದ್ಯ ಅದೇ ಕಾರಣಕ್ಕೆ ಟಕೀಲಾ ಅಂತ ಹೆಸರಿಟ್ಟುಕೊಳ್ಳುವ ಹಾಗಿಲ್ಲ. ಅದನ್ನು ಹಾಕಿಯೂ ಪಲೋಮಾ ಮಾಡಿದ್ದೇನೆ, ಚೆನ್ನಾಗಿಯೇ ಬಂತು.

ಈಗ ಮಾರ್ಗರಿಟಾ. 50 ಎಂಎಲ್ ಟಕೀಲಾ, 20 ಎಂಎಲ್ ಕಿತ್ತಳೆ ಲಿಕರ್ (ಕಿತ್ತಳೆ ಘಮದ ಸಿಹಿ ಮದ್ಯ), 15 ಎಂಎಲ್ ನಿಂಬೆರಸ, ಐಸ್ ಜೊತೆ ಕುಲುಕಿ ಸೋಸುವುದು, ಗ್ಲಾಸಿನ ಅಂಚಿಗೆ ಉಪ್ಪು. ರುಚಿಯಲ್ಲಿ ಒಂದು ದೂರೂ ಇಲ್ಲ. ನಮ್ಮ ತೆಳು ಸಿಪ್ಪೆಯ ಸಣ್ಣ ನಿಂಬೆ ಮೆಕ್ಸಿಕೋದವರು ಬಳಸುವ ಸಣ್ಣ ನಿಂಬೆಯದೇ ಜಾತಿ, ಅದಕ್ಕೇ ಇಲ್ಲಿ ಅದರ ಘಮ ಅಷ್ಟು ಚೆನ್ನಾಗಿ ಬರುತ್ತದೆ. ಅಡ್ಡ ಬರುವುದು ಆ ಕಿತ್ತಳೆ ಲಿಕರ್. ಟಕೀಲಾಕ್ಕೇ ಕೈ ನಡುಗುತ್ತದೆ, ಅದರ ಜೊತೆ ಇನ್ನೊಂದು ದುಬಾರಿ ಬಾಟಲಿ ಬೇರೆ. ಮನೆಯಲ್ಲಿ ಬೇರೆ ಯಾವುದಕ್ಕೂ ಅದನ್ನು ಬಳಸುವುದಿಲ್ಲ, ಶೆಲ್ಫಿನಲ್ಲಿ ಧೂಳು ಹಿಡಿಯುತ್ತಾ ಕೂತಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಟಾಮೀಸ್ ರೆಸ್ಟೋರೆಂಟಿನ ಹೂಲಿಯೋ ಬೆರ್ಮೆಹೋ ಎಂಬವರು ಲಿಕರ್ ಬಿಟ್ಟು ಬರೀ ಅಗಾವೆ ಸಿರಪ್ಪಿನಲ್ಲಿ ಮಾರ್ಗರಿಟಾ ಮಾಡುವ ದಾರಿ ತೋರಿಸಿದರು. ನಾನು ಅಗಾವೆ ಸಿರಪ್ ಬದಲು ಸಕ್ಕರೆ ಪಾಕ ಹಾಕುತ್ತೇನೆ. ಖರ್ಚು ಉಳಿಯುತ್ತದೆ, ರುಚಿಯೂ ನಿಲ್ಲುತ್ತದೆ.

ನಿಂಬೆ ಬದಲು ಮೋಸಂಬಿ ಹಾಕಿದರೆ ಸಪ್ಪೆ. ಹೇರಳೆಕಾಯಿ ಗೊಜ್ಜಿಗೇ ಇರಲಿ.

ಪಲೋಮಾ ಮೆಕ್ಸಿಕೋದ ಜನ ಮನೆಯಲ್ಲೂ ಸಲೀಸಾಗಿ ಮಾಡಿಕೊಳ್ಳುವ ಡ್ರಿಂಕ್. ಅಲ್ಲಿ ಟಕೀಲಾ, ನಿಂಬೆ, ಚಿಟಿಕೆ ಉಪ್ಪು ಹಾಕಿ ಮೇಲೆ ಗ್ರೇಪ್‌ಫ್ರೂಟ್ ಸೋಡಾ ಸುರಿಯುತ್ತಾರೆ. ನಮ್ಮ ಕಡೆ ಗ್ರೇಪ್‌ಫ್ರೂಟ್ ಅಪರೂಪ, ಅದರ ಸೋಡಾ ಅಂತೂ ನಾನು ಕಂಡಿಲ್ಲ. ಆದರೆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಕೂಡಿ, ಕೆರಿಬಿಯನ್ ದ್ವೀಪಗಳಲ್ಲಿ. ಅದರ ಮೂಲದ ಹಣ್ಣೇ ಪಕ್ಕದ ದೇವನಹಳ್ಳಿಯಲ್ಲಿ ಬೆಳೆಯುತ್ತಿರುವಾಗ ಮಗಳನ್ನು ಹುಡುಕಿಕೊಂಡು ಹೋಗುವುದು ಯಾಕೆ? ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಕೂಡ ಇದೆ. ಏರ್‌ಪೋರ್ಟು, ಲೇಔಟು ಅಂತ ತೋಟಗಳು ಕಮ್ಮಿಯಾಗುತ್ತಾ ಬಂದಿವೆ. ಇರುವ ಮರಗಳ ಹಣ್ಣನ್ನಾದರೂ ನಾವು ಕೊಂಡು ತಿನ್ನಬೇಕು ಅನ್ನುವುದು ನನ್ನ ಆಸೆ, ಈ ಬರಹಕ್ಕೆ ಅದೂ ಒಂದು ಕಾರಣ.

ಇನ್ನು ಕಹಿಯ ವಿಷಯ. ಚಕ್ಕೋತದ್ದು ಒಂದೇ ತಕರಾರು, ಆದರೆ ಅದು ದೊಡ್ಡ ತಕರಾರು. ತೊಳೆಗಳನ್ನು ಹಾಗೇ ಮಿಕ್ಸಿಗೆ ಹಾಕಿದರೆ ಬರುವ ರಸ ಬಾಯಿಗೆ ಇಡುವ ಹಾಗಿರುವುದಿಲ್ಲ. ಟಕೀಲಾ ಸೇರಿದ ಮೇಲೆ ಇನ್ನೂ ಜಾಸ್ತಿ. ಸಕ್ಕರೆ ಎಷ್ಟು ಸುರಿದರೂ ನಾಲಿಗೆಯ ಹಿಂಭಾಗದಲ್ಲಿ ಆ ಕಹಿ ಕೂತೇ ಇರುತ್ತದೆ. ಇದಕ್ಕೆ ಕಾರಣ ನಾರಿಂಜಿನ್ ಎಂಬ ಅಂಶ. ಸಿಪ್ಪೆಯೊಳಗಿನ ಬಿಳಿ ಮೆತ್ತೆಯಲ್ಲೂ ತೊಳೆ ಸುತ್ತಿದ ಪೊರೆಯಲ್ಲೂ ಅದು ತುಂಬಿರುತ್ತದೆ, ಮಿಕ್ಸಿ ಎಲ್ಲವನ್ನೂ ಅರೆದು ರಸಕ್ಕೆ ಸೇರಿಸುತ್ತದೆ. ಬೀಜವೂ ಅರೆದುಹೋದರೆ ಲಿಮೋನಿನ್ ಅಂತ ಇನ್ನೊಂದು ಕಹಿ.

ಆದ್ದರಿಂದ ಕೈಯಲ್ಲೇ ಬಿಡಿಸಬೇಕು. ಹಣ್ಣಿನ ತಲೆ ಕತ್ತರಿಸಿ, ಸಿಪ್ಪೆಗೆ ಮೇಲಿಂದ ಕೆಳಗೆ ಉದ್ದುದ್ದ ಗೀರು ಹಾಕಿ, ಹೆಬ್ಬೆರಳು ತೂರಿಸಿ ಎಳೆಯಿರಿ. ತೊಳೆ ಬೇರೆ ಮಾಡಿ, ಅದರ ಚೂಪು ಅಂಚಿನಲ್ಲಿ ಉಗುರಿನಿಂದ ಪೊರೆ ಸೀಳಿ ಎರಡೂ ಬದಿಗೆ ಮಡಚಿದರೆ ಒಳಗಿನ ಕೆಂಪು ರಸದ ಕಾಳುಗಳು ಗೊಂಚಲಾಗಿ ಕಳಚಿ ಬರುತ್ತವೆ. ಪೊರೆಯ ಒಂದು ಚೂರೂ ಅದಕ್ಕೆ ಅಂಟಿರಬಾರದು. ಬೀಜ ತೆಗೆದು, ಟೀ ಸೋಸುವ ಜಾಲರಿಗೆ ಹಾಕಿ ಚಮಚದ ಬೆನ್ನಿನಿಂದ ಒತ್ತಿ. ಎರಡು ಗ್ಲಾಸಿಗೆ ಬೇಕಾಗುವಷ್ಟು ರಸ ತೆಗೆಯಲು ಪುರುಸೊತ್ತು ಬೇಕು, ಬೆರಳೆಲ್ಲ ಅಂಟಂಟು. ನೆಂಟರು ಬಂದು ಕೂತ ಮೇಲೆ ಶುರು ಮಾಡುವ ಕೆಲಸ ಅಲ್ಲವೇ ಅಲ್ಲ.

ಹಾಗಂತ ಬೆಳಿಗ್ಗೆಯೇ ರಸ ತೆಗೆದು ಫ್ರಿಜ್ಜಿನಲ್ಲಿ ಇಡಲೂ ಆಗದು. ಮೋಸಂಬಿ ಜ್ಯೂಸ್ ಇಟ್ಟರೆ ಕಹಿ ಆಗುತ್ತದೆ ಅಲ್ವಾ, ಇದೂ ಹಾಗೇ. ಹಿಂಡಿದ ಮೇಲೆ ಹಣ್ಣಿನ ಹುಳಿಯಿಂದಲೇ ರಸದೊಳಗೆ ಲಿಮೋನಿನ್ ನಿಧಾನವಾಗಿ ಹುಟ್ಟಿಕೊಳ್ಳುತ್ತದೆ. ನಾನು ತೊಳೆ ಬಿಡಿಸಿ ಕಾಳುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತೇನೆ, ಒತ್ತುವುದು ಮಾತ್ರ ಕುಡಿಯುವ ಹೊತ್ತಿಗೆ. ಆಮೇಲೂ ಸ್ವಲ್ಪ ಕಹಿ ಉಳಿದರೆ ಸಕ್ಕರೆಗೆ ಕೈ ಹಾಕಬೇಡಿ, ಚಿಟಿಕೆ ಉಪ್ಪು ಹಾಕಿ. ಕಹಿಯನ್ನು ಅಡಗಿಸುವುದರಲ್ಲಿ ಉಪ್ಪಿನ ಕೆಲಸ ದೊಡ್ಡದು. ನಮ್ಮವರು ಚಕ್ಕೋತದ ತೊಳೆಗೆ ಉಪ್ಪು ಖಾರ ಹಚ್ಚಿ ತಿನ್ನುವುದು ಸುಮ್ನೆ ಅಲ್ಲ.

ನನ್ನ ಅಳತೆ: ಐಸ್ ತುಂಬಿದ ಉದ್ದನೆ ಗ್ಲಾಸಿಗೆ 50 ಎಂಎಲ್ ಟಕೀಲಾ, 60 ಎಂಎಲ್ ಚಕ್ಕೋತದ ರಸ, 10 ಎಂಎಲ್ ನಿಂಬೆರಸ, 10 ಎಂಎಲ್ ಸಕ್ಕರೆ ಪಾಕ, ಉಪ್ಪು. ಕಲಕಿ, ಕೊನೆಗೆ ಸಾದಾ ಸೋಡಾ. ಶೇಕರ್ ಬೇಡ.

ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬೇಡಿ. ಗ್ರೇಪ್‌ಫ್ರೂಟಿನ ಹಾಗೆ ಚಕ್ಕೋತವೂ ಕೆಲವು ಮಾತ್ರೆಗಳ ಪರಿಣಾಮ ಏರಿಸುತ್ತದೆ.

ನಮ್ಮ ಭಾವ ಮಾರ್ಗರಿಟಾ ಪಕ್ಷ. "ಇದು ಜ್ಯೂಸ್ ಥರ ಇದೆ ಕಣಪ್ಪಾ, ಟಕೀಲಾ ಎಲ್ಲಿದೆ ಇದ್ರಲ್ಲಿ?" ಅಂತಾರೆ. ಖಡಕ್ಕಾಗಿ ಬೇಕು ಅನ್ನುವವರಿಗೆ ಅವರ ಮಾತು ಸರಿ. ನನಗೆ ಒಂದೇ ಗ್ಲಾಸ್ ಹಿಡಿದು ಸಂಜೆಯೆಲ್ಲ ಮಾತಾಡುತ್ತಾ ಕೂರುವುದು ಅಭ್ಯಾಸ, ಅದಕ್ಕೆ ಸೋಡಾ ಬೆರೆತ ಪಲೋಮಾವೇ ಹೊಂದುತ್ತದೆ. ದುಡ್ಡಿನ ಲೆಕ್ಕದಲ್ಲೂ ಒಂದೇ ಬಾಟಲಿಯಲ್ಲಿ ಮುಗಿಯುತ್ತದೆ, ಮಿಕ್ಕಿದ್ದೆಲ್ಲ ಹಣ್ಣು, ಉಪ್ಪು, ಸೋಡಾ. ಚಕ್ಕೋತ ಸಿಗದ ದಿನಗಳಲ್ಲಿ ಲಿಕರ್ ಇಲ್ಲದ ನಿಂಬೆ ಮಾರ್ಗರಿಟಾ ಮಾಡಿಕೊಳ್ಳುತ್ತೇನೆ.

ಹಣ್ಣು ಆರಿಸುವಾಗ ಗಾತ್ರಕ್ಕೆ ಮರುಳಾಗಬೇಡಿ, ಕೈಯಲ್ಲಿ ಎತ್ತಿ ತೂಕ ನೋಡಿ. ನೋಡಲು ದೊಡ್ಡದಾಗಿದ್ದು ಎತ್ತಿದರೆ ಹಗುರ ಅನ್ನಿಸಿದರೆ ಒಳಗೆ ಬರೀ ಬಿಳಿ ಮೆತ್ತೆ, ರಸ ಇರುವುದಿಲ್ಲ.