ಜೆಕ್ಯೂ: ಜೇಸನ್ ಓದಲು ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ‘-ಇ’ ಮರೆಯಬೇಡಿ

ಜೇಸನ್ (ಕೀ ಮತ್ತು ಅದರ ವ್ಯಾಲ್ಯೂ ಎಂದು ಜೋಡಿಯಾಗಿ ಬರೆಯುವ ಪಠ್ಯರೂಪ) ಕಾನ್ಫಿಗ್ ಫೈಲನ್ನು, ಸಾಲುಸಾಲಾಗಿ ಪಠ್ಯ ಹುಡುಕುವ, ತಿದ್ದುವ ಗ್ರೆಪ್, ಸೆಡ್ ಹಾಕಿ ಓದುವ ಸ್ಕ್ರಿಪ್ಟು, ಯಾರೋ ಆ ಫೈಲನ್ನು ಒಂದೇ ಸಾಲಿಗೆ ಮಡಚಿದ ದಿನ ಕೈಕೊಡುತ್ತದೆ. ಜೇಸನ್ ಓದಲೆಂದೇ ಇರುವ ಕಮಾಂಡ್ ಜೆಕ್ಯೂಗೆ ಸಾಲು, ಖಾಲಿ ಜಾಗಗಳ ಹಂಗಿಲ್ಲ. ಸ್ಟೀಫನ್ ಡೋಲನ್ 2012ರಲ್ಲಿ ಹೊರತಂದ ಈ ಉಚಿತ ಪ್ರೋಗ್ರಾಂ ಉಬುಂಟುವಿನಲ್ಲಿ ಆಪ್ಟ್, ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಸಿಗುತ್ತದೆ. ಶೆಲ್ ಸ್ಕ್ರಿಪ್ಟಿಗೆ ನನ್ನ ಮೊದಲ ಆಯ್ಕೆ ಇದೇ.

ಕೀ ಹೆಸರಿಗೆ ಮೊದಲು ಚುಕ್ಕಿ ಇಟ್ಟರೆ ವ್ಯಾಲ್ಯೂ ಬರುತ್ತದೆ. ಕಮಾಂಡಿಗೆ ‘-ಆರ್’ ಹಾಕದಿದ್ದರೆ ಪಠ್ಯದ ಜೊತೆ ಉದ್ಧರಣ ಚಿಹ್ನೆಯೂ ಬಂದು, ಪಾಸ್‌ವರ್ಡ್ ಸರಿಯಿದ್ದೂ ಲಾಗಿನ್ ಆಗುವುದಿಲ್ಲ.

ದೊಡ್ಡ ಕೊರತೆ ಬೇರೆ. ಕೀ ಇಲ್ಲದಿದ್ದರೆ ಜೆಕ್ಯೂ ದೂರು ಹೇಳದೆ ‘ನಲ್’ ಎಂಬ ಪದವನ್ನು ಕೊಟ್ಟು, ಎಕ್ಸಿಟ್ ಕೋಡ್ 0, ಅಂದರೆ ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ಸ್ಕ್ರಿಪ್ಟು ‘ನಲ್’ ಹೆಸರಿನ ಸರ್ವರನ್ನು ಹುಡುಕಿಕೊಂಡು ಹೋಗುತ್ತದೆ! ಜೆಕ್ಯೂಗೆ ‘-ಇ’ (ಎಕ್ಸಿಟ್‌ನ ಇ) ಸೇರಿಸಿ, ಆಗ ಸೋಲನ್ನು ಹೇಳುವ ಕೋಡ್ 1 ಬರುತ್ತದೆ, ಸ್ಕ್ರಿಪ್ಟಿನ ಮೊದಲಲ್ಲಿ ‘ಸೆಟ್ -ಇ’ ಇದ್ದರೆ ಅಲ್ಲೇ ನಿಲ್ಲುತ್ತದೆ. ಆದರೆ ವೇರಿಯಬಲ್ ಘೋಷಿಸುವ ‘ಲೋಕಲ್’ ಅಥವಾ ‘ಎಕ್ಸ್‌ಪೋರ್ಟ್’ ಇರುವ ಸಾಲಿನಲ್ಲೇ ಜೆಕ್ಯೂ ಕರೆದರೆ ಆ ಕೋಡ್ ಮುಚ್ಚಿಹೋಗುತ್ತದೆ, ಏಕೆಂದರೆ ಶೆಲ್ ನೋಡುವುದು ‘ಲೋಕಲ್’ನ ಕೋಡನ್ನು. ಘೋಷಣೆ ಒಂದು ಸಾಲು, ತುಂಬುವುದು ಇನ್ನೊಂದು ಸಾಲು ಮಾಡಿ.

ಕೀ ಇಲ್ಲದಾಗ ಡೀಫಾಲ್ಟ್ ಕೊಡಲು ಎರಡು ಓರೆಗೆರೆ (//) ಇದೆ. ಅದು ‘ನಲ್’ ಅಷ್ಟೇ ಅಲ್ಲ, ‘ಫಾಲ್ಸ್’ ಕಂಡರೂ ಡೀಫಾಲ್ಟನ್ನೇ ಕೊಡುತ್ತದೆ. ಡೀಬಗ್ ಬೇಡವೆಂದು ‘ಫಾಲ್ಸ್’ ಬರೆದಿದ್ದರೂ, ಡೀಫಾಲ್ಟ್ ‘ಟ್ರೂ’ ಆಗಿದ್ದರೆ ಡೀಬಗ್ ಆನ್ ಆಗುತ್ತದೆ. ‘-ಇ’ಗೂ ‘ಫಾಲ್ಸ್’ ಎಂದರೆ ಸೋಲೇ. ಹೌದು-ಇಲ್ಲ ಸೆಟ್ಟಿಂಗುಗಳಿಗೆ ಇವೆರಡನ್ನೂ ಬಿಟ್ಟು, ‘ಇಫ್’ ಹಾಕಿ ‘ನಲ್’ಗೆ ಸಮವೇ ಎಂದು ನೇರವಾಗಿ ಕೇಳಿ.

ಕೀ ಹೆಸರಿನಲ್ಲಿ ಹೈಫನ್ ಇದ್ದರೆ ಅದನ್ನು ಕಳೆಯುವ ಚಿಹ್ನೆ ಎಂದುಕೊಂಡು ಎರರ್ ಕೊಡುತ್ತದೆ. ‘ಊರು’, ‘ಬಂದರು’ ಎಂದು ಕನ್ನಡದಲ್ಲೇ ಕೀ ಇಟ್ಟವರಿಗೂ ಇದೇ ಪಾಡು, ಬರೀ ಚುಕ್ಕಿ ಸಾಲದು. ಎರಡಕ್ಕೂ ಮದ್ದು ಒಂದೇ: ಚುಕ್ಕಿಯ ನಂತರ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಿ. ಕನ್ನಡ ವ್ಯಾಲ್ಯೂಗಳು ಮಾತ್ರ ಅಕ್ಷರ ಕೆಡದೆ ಹೊರಬರುತ್ತವೆ, ಇದು ನಿಜಕ್ಕೂ ಸಂತೋಷ.

ಉದ್ದದ ಐಡಿಗಳಿದ್ದರೆ ವರ್ಷನ್ ನೋಡಿಕೊಳ್ಳಿ. 1.6ರಲ್ಲಿ 9007199254740992 ದಾಟಿದ ಸಂಖ್ಯೆಗಳ ಕೊನೆಯ ಅಂಕಿ ಬದಲಾಗಬಹುದು, 2023ರ 1.7ರಿಂದ, ಲೆಕ್ಕ ಮಾಡದೆ ಹಾಗೇ ಓದಿದರೆ ಉಳಿಯುತ್ತದೆ. ಐಡಿಯನ್ನು ಪಠ್ಯವಾಗಿ ಬರೆದಿಡುವುದೇ ಕ್ಷೇಮ.

ಓದಿದ ಫೈಲಿಗೇ ‘>’ ಹಾಕಿ ಬರೆಯಬೇಡಿ. ಜೆಕ್ಯೂ ಶುರುವಾಗುವ ಮೊದಲೇ ಶೆಲ್ ಅದನ್ನು ಖಾಲಿ ಮಾಡಿರುತ್ತದೆ. ತಾತ್ಕಾಲಿಕ ಫೈಲಿಗೆ ಬರೆದು, ಯಶಸ್ವಿಯಾದರೆ ಮಾತ್ರ ‘ಎಂವಿ’ ಕಮಾಂಡಿನಿಂದ ಹಳೆಯ ಫೈಲಿನ ಜಾಗಕ್ಕೆ ಸರಿಸಿ.