ಬಸ್ ಎಲ್ಲರಿಗೂ ಉಚಿತವಾಗಬೇಕಾ, ಟಿಕೆಟ್ಟೇ ಇರಲಾ?

ಕಲಬುರಗಿಯಿಂದ ಆಳಂದ, ಚಿಂಚೋಳಿ ಕಡೆ ಹೋಗುವ ಸಾಮಾನ್ಯ ಬಸ್ಸಿನಲ್ಲಿ ಎರಡೂ ಪದ್ಧತಿ ಒಟ್ಟಿಗೇ ಕಾಣುತ್ತವೆ. ಹೆಂಡತಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳೆ, ಪಕ್ಕದಲ್ಲೇ ಗಂಡ ಚಿಲ್ಲರೆ ಎಣಿಸುತ್ತಾನೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಇದು.

ಟಿಕೆಟ್ ಇದ್ದರೆ ಹತ್ತಿದವರೇ ಕೊಡುತ್ತಾರೆ, ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ದಿನಾ ಕೈಗೆ ಕಾಸು ಬರುತ್ತದೆ. ಆದರೆ ಡೀಸೆಲ್, ಸಂಬಳ ಏರಿದರೆ ದರವೂ ಏರುತ್ತದೆ. 2025ರ ಜನವರಿಯಲ್ಲಿ ಶೇ 15ರಷ್ಟು ಏರಿತು. ತೊಗರಿ ಕೊಯ್ಲಿಗೆ ಹೋಗುವ ಕೂಲಿಯವನಿಗೆ ಇದು ಸಣ್ಣ ಮಾತಲ್ಲ.

ತೆರಿಗೆಯಿಂದ ಓಡಿಸಿದರೆ ಭಾರ ಎಲ್ಲರಿಗೂ ಹಂಚಿಹೋಗುತ್ತದೆ. ಬಸ್ಸೇ ಹತ್ತದ ಕಾರಿನವರೂ ಕೊಡಬೇಕು. ಅನ್ಯಾಯ ಅಲ್ವಾ ಅಂತ ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಸ್ತೆಯಲ್ಲಿ ಗಾಡಿ ಕಡಿಮೆಯಾದರೆ ಅವರಿಗೂ ಲಾಭವೇ. ಲಕ್ಸೆಂಬರ್ಗ್ 2020ರಿಂದ ಇಡೀ ದೇಶಕ್ಕೆ ಹೀಗೆ ಮಾಡಿದೆ. ಅದು ಸಣ್ಣ, ಶ್ರೀಮಂತ ದೇಶ ಅನ್ನುವುದೂ ನಿಜ. ನಮ್ಮಲ್ಲಿ ಸರ್ಕಾರದ ಹಣ ತಡವಾದರೆ ಹೊಸ ಬಸ್ ಬರುವುದಿಲ್ಲ, ಇರುವುದರಲ್ಲೇ ನೂಕುನುಗ್ಗಲು ಜಾಸ್ತಿಯಾಗುತ್ತದೆ.

ನಿಮ್ಮ ಊರಿಗೆ ದಿನಕ್ಕೆ ಎರಡೇ ಬಸ್ ಬರುತ್ತಿದ್ದರೆ ಮೊದಲು ಮೂರನೆಯದನ್ನು ಕೇಳಿ. ಬಸ್ ಸಾಕಷ್ಟು ಓಡುವ ಕಡೆ ನಾನು ಉಚಿತದ ಪರ. ಗಂಡಸರಲ್ಲಿ ಮೊದಲು ವಿದ್ಯಾರ್ಥಿಗಳಿಗೆ, ಕೂಲಿಕಾರರಿಗೆ ಕೊಡಲಿ.