ಹಳೇ ಡಿಐ ಪಿಕಪ್‌ಗೆ 4.10 ಕ್ರೌನ್-ಪಿನಿಯನ್: ಬಯಲು ರಸ್ತೆಗೆ ಸರಿ, ತೋಟದ ಗಾಡಿಗೆ ಬೇಡ

ಗಾಡಿ: ನಾಲ್ಕು ಗೇರಿನ ಹಳೇ ಮಹೀಂದ್ರ ಡಿಐ ಪಿಕಪ್, ಹಿಂದಿನ ಚಕ್ರ ಮಾತ್ರ ಎಳೆಯುವಂಥದ್ದು, ಟಯರ್ 215/75 ಆರ್ 15. ಕ್ರೌನ್-ಪಿನಿಯನ್ ಅಂದರೆ ಹಿಂದಿನ ಆಕ್ಸಲ್ ಮಧ್ಯದ ಹಲ್ಲುಚಕ್ರದ ಜೋಡಿ: ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಸಣ್ಣ ಪಿನಿಯನ್ನನ್ನು ತಿರುಗಿಸುತ್ತದೆ, ಅದು ದೊಡ್ಡ ಕ್ರೌನನ್ನು. ಕ್ರೌನ್ ಒಂದು ಸುತ್ತು ಹೋಗಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಅನ್ನುವುದೇ ರೇಶಿಯೋ. ಮೊದಲು ಇದ್ದ ರೇಶಿಯೋ 4.88, ಅಂದರೆ ಪಿನಿಯನ್‌ಗೆ 8 ಹಲ್ಲು, ಕ್ರೌನ್‌ಗೆ 39. ಈಗ ಇರೋದು 4.10, ಅಂದರೆ 10ಕ್ಕೆ 41. ಹಾಕಿಸಿದ ಮೇಲೆ ಬೇಸಿಗೆ, ಮಳೆಗಾಲ, ಕಾಫಿ ಕೊಯ್ಲು ಎಲ್ಲವನ್ನೂ ಈ ಸೆಟ್ ಕಂಡಿದೆ.

ಹಾಸನದಿಂದ ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್ ಮೇಲೆ ಬೆಂಗಳೂರಿಗೆ ಆಲೂಗಡ್ಡೆ, ಶುಂಠಿ ಹೊಡೆಯುವ ಗಾಡಿಗೆ ಈ ಕೆಲಸ ಮಾಡಿಸಿ, ಡೀಸೆಲ್ ಖಂಡಿತ ಉಳಿಯುತ್ತದೆ. ಕಡೂರು, ಅರಸೀಕೆರೆ ಕಡೆ ಓಡಾಡುವವರಿಗೂ ಇದೇ ಮಾತು. ಆಲ್ದೂರು, ಕೊಟ್ಟಿಗೆಹಾರದ ಕಡೆ ತೋಟದೊಳಗಿನ ಏರಿನಲ್ಲಿ ಕಾಫಿ ಹಣ್ಣಿನ ಚೀಲ ಹೊರುವ ಗಾಡಿಯಾದರೆ ಮುಟ್ಟಲೇಬೇಡಿ.

ಕಾರಣ ಲೆಕ್ಕದಲ್ಲೇ ಇದೆ. ಈ ಟಯರ್ ಒಂದು ಸುತ್ತಿಗೆ ಹತ್ತಿರತ್ತಿರ 2.14 ಮೀಟರ್ ಓಡುತ್ತದೆ. ಟಾಪ್ ಗೇರಿನಲ್ಲಿ ಗೇರ್‌ಬಾಕ್ಸ್ ನೇರ, ಒಂದಕ್ಕೆ ಒಂದು. ಹಾಗಾಗಿ 60 ಕಿ.ಮೀ. ವೇಗದಲ್ಲಿ 4.88ಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2,280 ಸುತ್ತು ತಿರುಗಿದರೆ 4.10ಕ್ಕೆ 1,920 ಸಾಕು. 70ರಲ್ಲಿ 2,660 ಇದ್ದದ್ದು 2,235ಕ್ಕೆ ಇಳಿಯುತ್ತದೆ. ಸುತ್ತು ಶೇ. 16 ಕಡಿಮೆಯಾಯಿತು ಅಂತ ಡೀಸೆಲ್ಲೂ ಶೇ. 16 ಉಳಿಯುವುದಿಲ್ಲ. ಗಾಳಿಯ ತಡೆ, ಲೋಡು, ಟಯರಿನ ಉಜ್ಜಾಟ ಹಾಗೇ ಇರುತ್ತವೆ. ಕಡಿಮೆಯಾಗೋದು ಎಂಜಿನ್ ಒಳಗಿನ ಘರ್ಷಣೆಗೆ ಹೋಗುತ್ತಿದ್ದ ಪಾಲು ಮಾತ್ರ. ಬಯಲು ರಸ್ತೆಯಲ್ಲಿ 55ರಿಂದ 65ರ ವೇಗಕ್ಕೆ ಲೀಟರಿಗೆ ಹತ್ತರ ಆಸುಪಾಸು ಕೊಡುತ್ತಿದ್ದ ಗಾಡಿ ಈಗ ಹನ್ನೊಂದು ಕೊಡುತ್ತದೆ. ಅದೇ ಗಾಡಿ 80ರಲ್ಲಿ ಓಡಿದರೆ ಗಾಳಿಯೇ ಆ ಲಾಭವನ್ನು ತಿಂದುಹಾಕುತ್ತದೆ. ಶಿರಾಡಿ ಹತ್ತುವಾಗ ಲಾಭ ಸೊನ್ನೆ: ಮೊದಲು ಟಾಪ್‌ನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಮೂರನೇ ಗೇರು, ಮೂರರಲ್ಲಿ ಹತ್ತುತ್ತಿದ್ದಲ್ಲಿ ಎರಡು.

ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಹಳೇ ಗಾಡಿಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್ ಕಡೆಯಿಂದ ಬರುತ್ತದೆ. ಹಿಂದಿನ ರೇಶಿಯೋ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗಾಡಿ ನಿಜವಾಗಿ 400 ಕಿ.ಮೀ. ಓಡಿದರೆ ಮೀಟರ್ 336 ತೋರಿಸುತ್ತದೆ. 36 ಲೀಟರ್ ಕುಡಿದಿದ್ದರೆ ನಿಜವಾದ ಮೈಲೇಜ್ 11.1, ಮೀಟರ್ ನಂಬಿದವನಿಗೆ 9.3. ‘ದುಡ್ಡು ಹಾಕಿಸಿ ಮೈಲೇಜ್ ಬಿತ್ತು’ ಅಂತ ಹಳೇ ಸೆಟ್ ವಾಪಸ್ ಹಾಕಿಸಿಕೊಳ್ಳುವುದು ಈ ಲೆಕ್ಕ ಗೊತ್ತಿಲ್ಲದೆ. ಮೀಟರಿನ ಓಟವನ್ನು 1.19ರಿಂದ ಗುಣಿಸಿ, ಇಲ್ಲವೇ ಹೆದ್ದಾರಿಯ ಕಿಲೋಮೀಟರ್ ಕಲ್ಲು ಅಥವಾ ಮೊಬೈಲಿನ ಜಿಪಿಎಸ್ ಜೊತೆ ತಾಳೆ ನೋಡಿ. ಅಳೆಯುವಾಗ ಒಂದೇ ಬಂಕು, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕು, ಲೋಡೂ ಹೆಚ್ಚುಕಮ್ಮಿ ಒಂದೇ ಇರಲಿ. ಮೀಟರ್ 60 ಅಂದಾಗ ಗಾಡಿ 71ರಲ್ಲಿ ಓಡುತ್ತಿರುತ್ತದೆ, ಇದು ಜೀವದ ಪ್ರಶ್ನೆ. ಸ್ಪೀಡೋಮೀಟರಿನ ಸಣ್ಣ ಪಿನಿಯನ್ ಬದಲಿಸಿಯೇ ಗಾಡಿಯನ್ನು ಎಫ್‌ಸಿಗೆ ಒಯ್ಯಿರಿ.

ಸೆಟ್ ಕೊಳ್ಳುವ ಮೊದಲು ನಿಮ್ಮ ಗಾಡಿಯಲ್ಲಿ ಈಗ ಯಾವ ರೇಶಿಯೋ ಇದೆ ನೋಡಿಕೊಳ್ಳಿ. ಒಂದೇ ಮಾಡೆಲ್ಲಿಗೂ ಬೇರೆ ಬೇರೆ ರೇಶಿಯೋ ಬಂದಿವೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಮೇಲೆತ್ತಿ. ಟಯರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿರುವುದರಿಂದ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ಹೋಗುತ್ತದೆ. ಶಾಫ್ಟ್ ಐದು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿದರೆ 4.88, ನಾಲ್ಕು ಮುಗಿದು ಚೂರು ಮುಂದೆ ಹೋದರೆ 4.10. ಈಗಾಗಲೇ 4.10 ಇದ್ದರೆ ಈ ಖರ್ಚಿಗೆ ಕೈ ಹಾಕಬೇಡಿ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರಬೇಕು, ಎರಡರ ಮೇಲೂ ಕೆತ್ತಿದ ಜೋಡಿ ನಂಬರ್ ಒಂದೇ ಇರಬೇಕು. ಗುಜರಿಯಲ್ಲಿ ಒಂದು ಕಡೆಯ ಕ್ರೌನು, ಇನ್ನೊಂದು ಕಡೆಯ ಪಿನಿಯನ್ನು ಸೇರಿಸಿ ಕೊಡುತ್ತಾರೆ, ಅದರ ಸದ್ದು ಜನ್ಮದಲ್ಲಿ ಹೋಗುವುದಿಲ್ಲ. ಪಿನಿಯನ್ ಬಾಲದ ಸ್ಪ್ಲೈನ್ (ಉದ್ದುದ್ದ ಗೀರು ಹಲ್ಲು) ಎಣಿಸಿ ಹಳೇ ಫ್ಲಾಂಜಿಗೆ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ತಟ್ಟೆ) ಕೂರುತ್ತದಾ ನೋಡಿ. ಡಾನಾ 44 ಅನ್ನುವ ಆಕ್ಸಲ್ ನಮೂನೆಯ ಹೌಸಿಂಗ್ ಆದರೆ 4.88ರಿಂದ 4.10ಕ್ಕೆ ಕ್ರೌನ್ ಕೂರುವ ಹಳೇ ಕೇಸೇ ನಡೆಯುತ್ತದೆ. ಇನ್ನೂ ಆಸೆಬಿದ್ದು 3.73ಕ್ಕೆ ಇಳಿದರೆ ಹಳೇ ಕೇಸಿನಲ್ಲಿ ಕ್ರೌನ್ ಪಿನಿಯನ್ನಿಗೆ ಸರಿಯಾದ ಜಾಗದಲ್ಲಿ ಕೂರುವುದಿಲ್ಲ, ಕೇಸೂ ಬದಲಾಗಬೇಕು. ಜೊತೆಗೆ ಎರಡು ಪಿನಿಯನ್ ಬೇರಿಂಗ್, ಎರಡು ಸೈಡ್ ಬೇರಿಂಗ್, ಪಿನಿಯನ್ ಆಯಿಲ್ ಸೀಲ್, ಹೊಸ ಪಿನಿಯನ್ ನಟ್, ಶಿಮ್ ಸೆಟ್ (ಜಾಗ ಹೊಂದಿಸುವ ತೆಳು ತಗಡಿನ ಬಿಲ್ಲೆಗಳು), 80ಡಬ್ಲ್ಯೂ-90 ಜಿಎಲ್-5 ಗೇರ್ ಆಯಿಲ್ ತನ್ನಿ. ಬೇರಿಂಗ್ ಹಳೇದೇ ಇರಲಿ ಅನ್ನುವ ಮೆಕ್ಯಾನಿಕ್ ಆದರೆ ಗಾಡಿ ಕೊಡಬೇಡಿ.

ಇಡೀ ಕೆಲಸದ ಹಣೆಬರಹ ಶಿಮ್‌ನಲ್ಲಿದೆ. ಪಿನಿಯನ್ ಆಳ, ಪಿನಿಯನ್ ಬಿಗಿತ, ಹಲ್ಲುಗಳ ನಡುವಿನ ಸಡಿಲ ಅಂದರೆ ಬ್ಯಾಕ್‌ಲ್ಯಾಶ್, ಹಲ್ಲಿನ ಗುರುತು, ಈ ನಾಲ್ಕನ್ನೂ ನೋಡಬೇಕು. ಈ ನಮೂನೆಯ ಹೌಸಿಂಗಿಗೆ ಹೊಸ ಬೇರಿಂಗ್ ಹಾಕಿದಾಗ ಪಿನಿಯನ್ ತಿರುಗಿಸಲು 2.3ರಿಂದ 4.5 ನ್ಯೂಟನ್ ಮೀಟರ್ ಬಲ ಬೇಕಾಗಬೇಕು. ಅದಕ್ಕೆ ದುಬಾರಿ ಟೂಲ್ ಬೇಡ: ಸೀಲ್ ಹಾಕುವ ಮೊದಲು ಫ್ಲಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಫ್ಲಾಂಜಿನ ಮಧ್ಯದಿಂದ ದಾರಕ್ಕೆ 4 ಸೆಂ.ಮೀ. ಇದ್ದರೆ, ಪಿನಿಯನ್ ಒಂದೇ ಸಮನೆ ತಿರುಗುತ್ತಿರುವಾಗ ತಕ್ಕಡಿ 6ರಿಂದ 11 ಕೆ.ಜಿ. ನಡುವೆ ನಿಲ್ಲಬೇಕು. ಬ್ಯಾಕ್‌ಲ್ಯಾಶ್ ಡಯಲ್ ಗೇಜ್‌ನಲ್ಲಿ 0.13ರಿಂದ 0.20 ಮಿ.ಮೀ., ಕ್ರೌನಿನ ಮೂರು ನಾಲ್ಕು ಜಾಗದಲ್ಲಿ ಅಳೆಯಲಿ. ಕೈಯಲ್ಲಿ ಅಲ್ಲಾಡಿಸಿ ‘ಸರಿ ಇದೆ’ ಅನ್ನುವುದನ್ನು ಒಪ್ಪಬೇಡಿ. ಆಮೇಲೆ ಹಲ್ಲಿಗೆ ಬ್ಲೂ ಪೇಸ್ಟ್ ಹಚ್ಚಿ ತಿರುಗಿಸಿದರೆ ಗುರುತು ಹಲ್ಲಿನ ನಡುಮಧ್ಯೆ ಬೀಳಬೇಕು. ಬುಡಕ್ಕೆ ಬಿದ್ದರೆ ಪಿನಿಯನ್ ತುಂಬಾ ಒಳಗಿದೆ, ತುದಿಗೆ ಬಿದ್ದರೆ ಹೊರಗಿದೆ. ಆ ಗುರುತಿನ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಸದ್ದು ಬಂದಾಗ ಮಾತಾಡಲು ಅದೊಂದೇ ಆಧಾರ.

ಮೊದಲ ದಿನ 25–30 ಕಿ.ಮೀ. ನಿಧಾನವಾಗಿ ಓಡಿಸಿ ಅರ್ಧ ಗಂಟೆ ಆರಲು ಬಿಡಿ. 800 ಕಿ.ಮೀ. ತನಕ ಫುಲ್ ಲೋಡ್ ಬೇಡ, ಘಾಟಿ ಬೇಡ. ಆಮೇಲೆ ಆಯಿಲ್ ಇಳಿಸಿ ಹೊಸದು ಹಾಕಿ. ಇಳಿಸಿದ ಆಯಿಲ್‌ನಲ್ಲಿ ಬೂದಿಯಂಥ ನುಣುಪು ಪುಡಿ ಇದ್ದರೆ ಸಹಜ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ತಕ್ಷಣ ಬಿಚ್ಚಿಸಿ. ಎಕ್ಸಿಲರೇಟರ್ ಒತ್ತಿದಾಗ ಮಾತ್ರ ಕೂಗಿದರೆ ಹಲ್ಲು ಸರಿಯಾಗಿ ಕೂಡಿಲ್ಲ. ಒತ್ತಲಿ ಬಿಡಲಿ ಒಂದೇ ಸಮನೆ ಗುರ್ ಅಂದರೆ ಬೇರಿಂಗ್.

ಓಡಿಸುವವರ ಅಭ್ಯಾಸವೂ ಬದಲಾಗಬೇಕು. ಟಾಪ್ ಗೇರಿನಲ್ಲಿ ನಿಜವಾದ ವೇಗ 45ಕ್ಕಿಂತ ಕೆಳಗೆ ಬಂದರೆ ಎಂಜಿನ್ 1,400ರ ಹತ್ತಿರ ಇಳಿದು ನಡುಗುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಅಲ್ಲಿ ಎಳೆಸಿದರೆ ಉಳಿಸಿದ ಡೀಸೆಲ್ ಎಂಜಿನ್ ಬೇರಿಂಗ್ ಶೆಲ್ಲಿನ ಖರ್ಚಿಗೆ ಹೋಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಅಷ್ಟೇ ಕಡಿಮೆ. ಚಾರ್ಮಾಡಿಯಲ್ಲಿ ಲೋಡ್ ಇಟ್ಟುಕೊಂಡು ಇಳಿಯುವಾಗ ಮೊದಲಿಗಿಂತ ಒಂದು ಗೇರ್ ಕೆಳಗೇ ಇರಬೇಕು, ಬ್ರೇಕ್ ನಂಬಿ ಇಳಿದರೆ ಡ್ರಮ್ ಕಾಯುತ್ತದೆ. ತೋಟದ ಗಾಡಿಗೆ ಬೇಡ ಅಂದದ್ದೂ ಇದಕ್ಕೇ: ಫಸ್ಟ್ ಗೇರಿನ ಎಳೆತ ಶೇ. 16 ಹೋಗುತ್ತದೆ, ರಿವರ್ಸಿನದೂ ಹೋಗುತ್ತದೆ. ತುಂಬಿದ ಗಾಡಿಯನ್ನು ಕಣದ ಏರಿಗೆ ರಿವರ್ಸ್ ಹತ್ತಿಸುವಾಗ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಹಿಂದಿನದೊಂದನ್ನೇ ಬದಲಿಸುವ ಮಾತೇ ಇಲ್ಲ. ಮುಂದೆ ಹಿಂದೆ ರೇಶಿಯೋ ಬೇರೆಯಾದರೆ ಫೋರ್‌ವೀಲ್ ಹಾಕಿದ ಗಳಿಗೆಯಲ್ಲೇ ಮುಂದಕ್ಕೂ ಹಿಂದಕ್ಕೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಂಡು ಮುರಿಯುತ್ತದೆ.

ವಾರದಲ್ಲಿ ಅರ್ಧ ತೋಟ, ಅರ್ಧ ಹೆದ್ದಾರಿ ಅನ್ನುವವರಿಗೆ ಓವರ್‌ಡ್ರೈವ್ ಇರುವ ಐದು ಗೇರಿನ ಗೇರ್‌ಬಾಕ್ಸೇ ಸರಿ. 4.88 ಹಾಗೇ ಉಳಿಯುತ್ತದೆ, ಹೆದ್ದಾರಿಗೆ ಎಂಜಿನ್ ಸುತ್ತು ಇಳಿಸುವ ಐದನೇ ಗೇರು ಸಿಗುತ್ತದೆ. ಖರ್ಚು ಹೆಚ್ಚು: ಕ್ರಾಸ್ ಮೆಂಬರ್ ಸರಿಸಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು, ಕ್ಲಚ್ ಪ್ಲೇಟಿನ ಸ್ಪ್ಲೈನ್ ಹೊಂದಬೇಕು.

ಖರ್ಚು ಯಾವಾಗ ವಾಪಸ್ ಬರುತ್ತದೆ ಅಂತ ಹೀಗೆ ಲೆಕ್ಕ ಹಾಕಿ. ತಿಂಗಳಿಗೆ 1,500 ಕಿ.ಮೀ. ಬಯಲು ಓಟ ಇದ್ದರೆ ಹತ್ತರ ಮೈಲೇಜಿಗೆ 150 ಲೀಟರ್, ಹನ್ನೊಂದಕ್ಕೆ 136. ಲೀಟರ್ 90 ರೂಪಾಯಿ ಹಿಡಿದರೆ ತಿಂಗಳಿಗೆ 1,200 ರೂಪಾಯಿ ಚಿಲ್ಲರೆ ಉಳಿತಾಯ. ಸೆಟ್, ಬೇರಿಂಗ್, ಕೂಲಿ ಸೇರಿಸಿ ಗ್ಯಾರೇಜಿನವರು ಹೇಳಿದ ಮೊತ್ತವನ್ನು ಅದರಿಂದ ಭಾಗಿಸಿ. ಎರಡು ವರ್ಷ ದಾಟಿದರೆ, ಅಥವಾ ಗಾಡಿಯನ್ನು ಅಷ್ಟರೊಳಗೆ ಮಾರುವ ಯೋಚನೆ ಇದ್ದರೆ, ಆ ದುಡ್ಡಲ್ಲಿ ನಾಝಲ್ ಚೆಕ್ ಮಾಡಿಸಿ, ಏರ್ ಫಿಲ್ಟರ್ ಬದಲಿಸಿ, ಹಿಡಿದುಕೊಂಡಿರುವ ಬ್ರೇಕ್ ಬಿಡಿಸಿ, ಟಯರ್ ಗಾಳಿ ಸರಿ ಮಾಡಿಸಿ.